ಸುಟ್ಟ ಮನೆಗೆ ಸುಣ್ಣ

ಎದುರು ಮನೆಯವರು ಬೆಳಗಿನಿಂದ ಸುಣ್ಣ ಹೊಡೆಸುತ್ತಿದ್ದಾರೆ. ಹಸಿ ಸುಣ್ಣದ ವಾಸನೆ ಬಂದರೆ ಎಲ್ಲರಿಗೂ ಹಬ್ಬವೋ ಮದುವೆಯೋ ನೆನಪಾಗುತ್ತದೆ. ನನಗೆ ಮಾತ್ರ ಬೆಂಕಿ ನೆನಪಾಗುತ್ತದೆ. ಈ ಮುದುಕನ ತಲೆ ನೆಟ್ಟಗಿದೆಯೇ ಎಂದು ನೀವು ಅನುಮಾನ ಪಡಬಹುದು. ತಲೆ ನೆಟ್ಟಗೇ ಇದೆ. ನೆಟ್ಟಗಿಲ್ಲದ್ದು ಆಗ ನಾನು ಹಿಡಿದಿದ್ದ ಕಸುಬು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ಮಂಡ್ಯದಲ್ಲಿ ಮನೆ ಮತ್ತು ಕಾರುಗಳ ವಿಮೆಯ ಏಜೆಂಟನಾಗಿದ್ದೆ. ಒಬ್ಬರ ಜಗಲಿಯ ಮೇಲೆ ಕೂತು, ಅವರು ಕೊಟ್ಟ ಮಜ್ಜಿಗೆ ಕುಡಿದು, “ನಿಮ್ಮ ಮನೆಗೆ ಬೆಂಕಿ ಬಿದ್ದರೆ” ಎಂದು ಮಾತು ಶುರು ಮಾಡಬೇಕಾದ ಕಸುಬು ಅದು. ಆ ವಾಕ್ಯ ಎಲ್ಲೂ ಮುಗಿಯುತ್ತಿರಲಿಲ್ಲ. ಕೆಲವರು “ಬಿಡ್ತು ಅನ್ನಯ್ಯ” ಎಂದು ಗದರುತ್ತಿದ್ದರು. ನಿಡಘಟ್ಟದ ಗೌಡರೊಬ್ಬರು ಎದ್ದುಹೋಗಿ ನಾಯಿಯ ಹಗ್ಗ ಬಿಚ್ಚಿದರು.

ಪಾಲಿಸಿ ಮಾರುವುದಕ್ಕಿಂತ ಪರಿಹಾರ ಕೊಡಿಸುವುದು ಇನ್ನೂ ಕಷ್ಟ. ಮಳವಳ್ಳಿಯ ಸಾಹುಕಾರರೊಬ್ಬರ ಕಾರು ಕಬ್ಬಿನ ಗಾಡಿಗೆ ಗುದ್ದಿ ಮೂತಿ ಜಜ್ಜಿಹೋಯಿತು. ನಷ್ಟ ನೋಡಲು ಬೆಂಗಳೂರಿನಿಂದ ಸರ್ವೇಯರು ಬರುತ್ತಾರೆಂದು ತಿಳಿಸಿದೆ. ದೊಡ್ಡ ಮನುಷ್ಯರು ಬರುವಾಗ ಸೊಟ್ಟ ಕಾರು ತೋರಿಸುವುದೇ? ಸಾಹುಕಾರರು ಮದ್ದೂರಿನ ಸಾಬರ ಷೆಡ್ಡಿನಲ್ಲಿ ತಗ್ಗು ತಟ್ಟಿಸಿ, ಬಣ್ಣ ಬಳಿಸಿ, ಬಾನೆಟ್ಟಿಗೊಂದು ಹೂವಿನ ಹಾರವನ್ನೂ ಹಾಕಿಸಿ ನಿಲ್ಲಿಸಿದ್ದರು. “ಗುದ್ದಿದ್ದೆಲ್ಲಿ ಅಂತ ಹುಡುಕಿ ನೋಡವ, ಸ್ವಾಮಿ!” ಎಂದು ಸವಾಲು ಬೇರೆ ಹಾಕಿದರು. ಸರ್ವೇಯರು ಹುಡುಕಿದರು. ಸಿಗಲಿಲ್ಲ. ಹಾಗೆಂದೇ ಬರೆದುಕೊಂಡು ಹೋದರು.

ಮನೆಯ ಮೇಲೆ ಪಾಲಿಸಿ ಕೊಂಡವರು ಒಬ್ಬರೇ, ಕೊಪ್ಪದಲ್ಲಿದ್ದ ನನ್ನ ಅತ್ತೆ ಚಿಕ್ಕತಾಯಮ್ಮ. ವಿಮೆಯ ಮೇಲೆ ನಂಬಿಕೆ ಬಂದು ಕೊಂಡದ್ದಲ್ಲ. “ತಕಳಪ್ಪ, ನನ್ ಮಗ್ಳು ಉಪಾಸ ಬೀಳ್ಬಾರ್ದಲ್ಲ” ಎಂದೇ ಹೆಬ್ಬೆಟ್ಟು ಒತ್ತಿದ್ದರು. ಮಾವ ತೀರಿಕೊಂಡ ಮೇಲೆ ಗದ್ದೆ, ಎಮ್ಮೆಗಳು, ಮನೆ ಎಲ್ಲವನ್ನೂ ಒಬ್ಬರೇ ನಡೆಸುತ್ತಿದ್ದ ಗಟ್ಟಿಗಿತ್ತಿ.

ಅಂಥವರ ಮನೆಗೆ ಬೆಂಕಿ ಬಿತ್ತು. ಒಲೆಯ ಕಿಡಿ ಕಬ್ಬಿನ ಒಣ ಸೋಗೆಗೆ ಹಾರಿ, ಅಡುಗೆಮನೆ, ಉಗ್ರಾಣ, ಒಳಗಿದ್ದ ಪಾತ್ರೆ ಪಡಗ ಎಲ್ಲ ಹೋಯಿತು. ಹಿಂಭಾಗದ ತೊಲೆ ಹೆಂಚು ನೆಲಕ್ಕೆ ಬಿದ್ದವು. ಮಳೆ ಹತ್ತಿರವಾಗಿತ್ತು. ಕಂಪನಿಯ ದುಡ್ಡು ಬಾರದಿದ್ದರೆ ಎಮ್ಮೆಗಳನ್ನು ಮಾರಿ ಸೂರು ಹಾಕಿಸಬೇಕು. ಎಮ್ಮೆ ಹೋದರೆ ಅತ್ತೆಯ ಕೈಗೆ ಬರುವ ನಾಲ್ಕು ಕಾಸೂ ಹೋದಂತೆ. ಮಳವಳ್ಳಿಯ ಪಾಠ ಕಲಿತಿದ್ದ ನಾನು, “ಅತ್ತೆ, ಸರ್ವೇಯರು ಬರುವ ತನಕ ಒಂದು ಕಡ್ಡಿಯನ್ನೂ ಅಲ್ಲಾಡಿಸಬೇಡಿ” ಎಂದು ಬೇಡಿಕೊಂಡು ಬಂದೆ.

ಸರ್ವೇಯರನ್ನು ಜಟಕಾದಲ್ಲಿ ಕೂರಿಸಿಕೊಂಡು ಹೋಗಿ ನೋಡುತ್ತೇನೆ, ಮನೆ ಹೊಸ ಮದುವಣಗಿತ್ತಿಯ ಹಾಗೆ ನಿಂತಿದೆ! ಹೊಗೆ ಹಿಡಿದಿದ್ದ ಗೋಡೆಗೆಲ್ಲ ಸುಣ್ಣ, ಬಾಗಿಲಿಗೆ ಮಾವಿನ ತೋರಣ. ಸುಟ್ಟ ಕಡೆಯ ಬಾಗಿಲಿಗೆ ಹೊಸ ಜಮಖಾನ ಇಳಿಬಿಟ್ಟಿದ್ದರು.

“ಏನತ್ತೆ ಇದು?” ಎಂದು ಪಿಸುಗುಟ್ಟಿದೆ.

“ನೆಂಟ್ರು ಬತ್ತಾರೆ ಅಂದ್ಮೇಲೆ ಮಸಿ ಗ್ವಾಡೆ ತೋರ್ಸಕ್ಕಾಯ್ತದಾ?” ಎಂದು ಅವರೂ ಪಿಸುಗುಟ್ಟಿದರು.

ಸರ್ವೇಯರು ಕನ್ನಡಕ ಒರೆಸಿಕೊಂಡು, “ನಷ್ಟ ಆಗಿರುವುದು ಎಲ್ಲಿ, ತಾಯಿ?” ಎಂದರು.

“ನಮ್ಗೇನಾಗದೆ ಸ್ವಾಮಿ? ಸಿವ ಚೆನ್ನಾಗ್ ಮಡಗವ್ನೆ. ಮದ್ಲು ಕೈ ತೊಳ್ಕಳಿ, ಉಣ್ಣೀರಂತೆ.”

ಅತ್ತೆ ಜಮಖಾನದ ಬಾಗಿಲಿಗೆ ಅಡ್ಡ ನಿಂತಿದ್ದರಿಂದ, ಸುಣ್ಣದ ಒಳಗಿನ ಮಸಿಯನ್ನಾದರೂ ತೋರಿಸೋಣವೆಂದು ನಾನು ಗೋಡೆಯನ್ನು ಉಗುರಿನಿಂದ ಕೆರೆದೆ. ಅತ್ತೆ ಸರ್ವೇಯರ ಎದುರಿಗೇ ನನ್ನ ಕೈ ಮೇಲೆ ಫಟ್ಟೆಂದು ಹೊಡೆದರು. “ಕೆರೀಬ್ಯಾಡಿ ಅಳಿಯಂದ್ರೆ, ಸುಣ್ಣ ಇನ್ನೂ ಅಸಿ ಅದೆ!”

ಊಟಕ್ಕೆ ಕೂತೆವು. ಮುದ್ದೆ, ಕೋಳಿಸಾರು, ಅನ್ನ, ತುಪ್ಪ. ಸರ್ವೇಯರು ನೀರಿನ ಚೊಂಬನ್ನು ಎತ್ತಿದವರು ಅದರ ಕಂಠದ ಮೇಲೆ ಕೆತ್ತಿದ್ದ ಹೆಸರನ್ನು ನೋಡಿದರು: ಪುಟ್ಟಸ್ವಾಮಿಗೌಡ. ಲೋಟ ತಿರುಗಿಸಿದರು: ನಿಂಗಮ್ಮ. ಕಂಚಿನ ತಟ್ಟೆಯ ಅಂಚಿನಲ್ಲಿ ಬೋರಯ್ಯ ಇದ್ದ, ಸಾರಿನ ಸೌಟಿನ ಮೇಲೆ ಮತ್ತೊಬ್ಬ. ಓದು ಬಾರದ ಅತ್ತೆಗೆ ಅವೆಲ್ಲ ಬರೀ ಚುಕ್ಕಿ ಚಿತ್ತಾರ. ಓದು ಬರುವ ನನಗೆ ಗಾಬರಿಯಲ್ಲಿ ಕಣ್ಣೇ ಕಂಡಿರಲಿಲ್ಲ. ಕೋಳಿಯೂ ಎರವಲೇ, ಅದರ ಮೇಲೆ ಹೆಸರಿರಲಿಲ್ಲ ಅಷ್ಟೆ.

ಸರ್ವೇಯರು ಹೊಟ್ಟೆ ತುಂಬ ಉಂಡರು. ಕೈ ತೊಳೆದು ಬಂದು ಮೆಲ್ಲಗೆ ಹೇಳಿದರು: “ನಾಲ್ಕು ಮನೆಯ ಪಾತ್ರೆಯಲ್ಲಿ ನನಗೆ ಊಟಕ್ಕಿಟ್ಟಿರಿ, ತಾಯಿ. ಈಗ ನಿಮ್ಮ ಮನೆ ತೋರಿಸಿ.”

ಅತ್ತೆ ಜಮಖಾನ ಸರಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಮಾವ ಹೋದಾಗಲೂ ಅವರು ಜನರೆದುರು ಅತ್ತದ್ದನ್ನು ನಾನು ಕಂಡಿರಲಿಲ್ಲ. ನನ್ನ ಕಸುಬಿನ ಮೇಲೆ ನನಗೇ ಅಸಹ್ಯವಾಯಿತು.

ಸರ್ವೇಯರು ಇದ್ದದ್ದನ್ನು ಇದ್ದ ಹಾಗೆ ಬರೆದರು. ದುಡ್ಡು ಬಂತು, ಹೊಸ ಹೆಂಚಿನ ಮೇಲೇ ಮೊದಲ ಮಳೆ ಬಿತ್ತು, ಎಮ್ಮೆಗಳು ಕೊಟ್ಟಿಗೆಯಲ್ಲೇ ಉಳಿದವು. ಪಾತ್ರೆ ಕೊಳ್ಳಲು ಅತ್ತೆಯನ್ನು ಮಂಡ್ಯದ ಪೇಟೆಗೆ ಕರೆದುಕೊಂಡು ಹೋದೆ. ಅಂಗಡಿಯವನು ಉಳಿ ಹಿಡಿದು, “ಯಾರ ಹೆಸರು ಹಾಕಲಿ?” ಎಂದ.

“ಚಿಕ್ಕತಾಯಮ್ಮ” ಎಂದು ನಾನು ಜಂಬದಿಂದ ಹೇಳಿದೆ.

“ಯಾವ್ ಎಸ್ರೂ ಬ್ಯಾಡ ಕಣಪ್ಪ” ಎಂದು ಅತ್ತೆ ತಟ್ಟೆಯನ್ನು ಕಿತ್ತುಕೊಂಡರು. “ಎಸ್ರು ಇದ್ದುದ್ಕೇ ಅವತ್ತು ನನ್ ಮಾನ ಓಗಿದ್ದು.”

“ಮಾನ ಎಲ್ಲಿ ಹೋಯಿತತ್ತೆ? ಅದರಿಂದಲೇ ಸೂರು ಬಂತಲ್ಲ!”

“ಸೂರು ಬಂದುದ್ದು ಆಮೇಕೆ. ನಾಳೀಕೆ ಇನ್ನೊಬ್ಳು ಮನೆ ಸುಟ್ಟೋಗಿ, ನನ್ ತಟ್ಟೆ ತಕ್ಕೋಗಿ ನೆಂಟ್ರಿಗೆ ಇಕ್ತಾಳೆ ಅನ್ನಿ. ಅದು ಅವಳ್ದೇ ಅಂತ್ಲೇ ಅವ್ರು ಉಣ್ಬೇಕು.”

ಅತ್ತೆಯ ಕಾಲದ ನಂತರ ಆ ಪಾತ್ರೆಗಳು ನಮ್ಮ ಮನೆಗೆ ಬಂದವು. ಒಂದೊಂದಾಗಿ ಎರವಲು ಹೋದವು, ಬಹಳಷ್ಟು ಮರಳಲಿಲ್ಲ. ನಮ್ಮದೆಂದು ಕೇಳಲು ಹೆಸರಿಲ್ಲ. ಮೊದಲೆಲ್ಲ ಇದಕ್ಕೆ ಹೆಂಡತಿಯ ಮೇಲೆ ರೇಗುತ್ತಿದ್ದೆ. ಈಗ ಯಾರ ಮನೆಗೆ ಊಟಕ್ಕೆ ಹೋದರೂ ತಟ್ಟೆಯನ್ನು ತಿರುಗಿಸಿ ನೋಡುವುದಿಲ್ಲ. ಬಡಿಸಿದವರದೇ ಎಂದುಕೊಂಡು ಉಣ್ಣುತ್ತೇನೆ.