ಗಾಡಿಯ ಹಿಂಬದಿಯ ಎರಡು ಮೊಳ ಜಾಗ

ನಮ್ಮ ಮನೆಯವರು ಜಮೀನು ಅಳೆಯುವ ಅಮೀನರಾಗಿದ್ದರು. ಆಗ ನಮ್ಮ ಕಡೆ ನಿಜಾಮರ ಆಳ್ವಿಕೆ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು, ಆಳಂದದ ಪೇಟೆಯಲ್ಲಿ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿತ್ತು. ದೀಪಾವಳಿ ಮುಗಿದು ಎರೆನೆಲದ ಹಾದಿ ಗಟ್ಟಿಯಾಯಿತೆಂದರೆ ಇವರ ದೌರಾ ಶುರು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳನ್ನೆಲ್ಲ ತಿರುಗಿ, ಸರಪಳಿ ಹಿಡಿಸಿ ಹೊಲ ಅಳೆದು, ಯುಗಾದಿಯ ಹೊತ್ತಿಗೆ ಮನೆ ಸೇರುತ್ತಿದ್ದರು. ಅಲ್ಲಿಯತನಕ ನಾನೂ ನಮ್ಮ ಅತ್ತೆಯೂ ಆಳಂದದ ಬಾಡಿಗೆ ಮನೆಯಲ್ಲಿ ದಾರಿ ನೋಡುತ್ತ ಇರುವುದು.

ಮದುವೆಯಾಗಿ ಎರಡನೆಯ ವರ್ಷ ಇವರು ದೌರಾದಿಂದ ಬಂದಾಗ ಕಣ್ಣು ಅರಿಶಿನವಾಗಿದ್ದವು. ಕಾಮಾಲೆ. ಎರಡು ತಿಂಗಳು ಮಲಗಿದರು. ಅವರು ಎದ್ದು ಕೂತ ದಿನವೇ ಅತ್ತೆ ಹೇಳಿಬಿಟ್ಟರು: "ಊರೂರಾಗ ಕೈಗೆ ಸಿಕ್ಕಿದ್ದು ತಿಂದದ್ದು ಸಾಕು. ಬರೂ ವರ್ಷ ನಾವೂ ಬರ್ತೇವಿ. ಗಾಡಿ ಮಾಡಸು."

ಇವರ ಹತ್ತಿರ ಅದುವರೆಗೆ ಇದ್ದದ್ದು ಸಾಮಾನು ಹೇರುವ ಬರಿಯ ಬಂಡಿ. ಹೆಂಗಸರು ನಾಲ್ಕು ತಿಂಗಳು ಇರಬೇಕೆಂದರೆ ಅದು ಸಾಲದು. ಜಿಡಗಾ ಹಾದಿಯಲ್ಲಿ ಅಂಗಡಿ ಇದ್ದ ಒಬ್ಬ ಬಡಿಗನಿಗೆ ಹೇಳಿದರು. ಕಮಾನಿನ ಮೇಲೆ ಚಾಪೆ ಹೊದಿಸಿ, ಒಳಗೆ ಇಬ್ಬರು ಮಲಗುವಷ್ಟು ಹಲಗೆ ಹಾಕಿ, ಹಲಗೆಯ ಕೆಳಗೆ ಹಿಟ್ಟು ಬೇಳೆ ಇಡಲು ಪೆಟ್ಟಿಗೆ. ಇವರಿಗೆ ಮಲಗಲು ಕಚೇರಿಯ ಡೇರೆ ಹೇಗೂ ಇತ್ತು.

ಒಂದು ದಿನ ಬಡಿಗ ಮನೆಗೆ ಬಂದ. ಕಟ್ಟೆಯ ಮೇಲೆ ಕೂತು, ಒಳಗಿದ್ದ ನಮಗೂ ಕೇಳುವ ಹಾಗೆ ಕೇಳಿದ.

"ಸಾಹೇಬ್ರ, ಗಾಡಿ ಹಿಂದ ಎರಡು ಮೊಳ ಜಾಗಾ ಉಳಿತದ. ಹೆಣ್ಮಕ್ಕಳು ಇರ್ತಾರ. ಅಲ್ಲೊಂದು ಪಾಯಖಾನಿ ಮಾಡಿ ಬಿಡ್ಲೇನ್ರಿ? ಸುತ್ತ ಹಲಿಗಿ ಹೊಡದು, ಬಾಗಿಲಾ ಇಟ್ಟು, ಕೆಳಗ ಒಂದು ಡಬ್ಬಿ ಕೂಡಿಸಿದ್ರ ಆತು. ಕಲಬುರ್ಗ್ಯಾಗ ಒಬ್ಬ ದೊಡ್ಡ ಸಾಹೇಬ್ರ ಮನಿ ಗಾಡಿಗೆ ಹಂಗ ಮಾಡಿದ್ದು ನೋಡೇನಿ."

ಇವರು ಕೈಯಲ್ಲಿದ್ದ ನಕಾಶೆಯೊಳಗೆ ಮುಖ ಹುದುಗಿಸಿದರು. "ಮನ್ಯಾಗ ಕೇಳಿ ಹೇಳ್ತೇನಿ," ಅಂದರು, ನಾಲ್ಕು ಹೆಜ್ಜೆ ಆಚೆ ಬಾಗಿಲ ಮರೆಯಲ್ಲಿ ನಾವಿಬ್ಬರೂ ನಿಂತದ್ದು ಗೊತ್ತಿದ್ದರೂ.

ತಾಯಿಯ ಮುಂದೆ ಆ ಮಾತು ತೆಗೆಯಲು ಇವರಿಗೆ ನಾಲಿಗೆ ಏಳಲಿಲ್ಲ. "ನೀ ಕೇಳು," ಎಂದು ನನಗೆ ಹೇಳಿದರು. ನನಗಾದರೂ ಹೇಗೆ ಏಳಬೇಕು? ಮೂರು ದಿನ ಬಡಿಗ ಬಂದು ಹೋದ. ಮೂರು ದಿನವೂ ಇವರು, "ನಾಳಿ ಹೇಳ್ತೇನಿ" ಎಂದು ಕಳಿಸಿದರು. ಕೊನೆಗೆ ಒಂದು ಮಧ್ಯಾಹ್ನ ಅತ್ತೆಯ ಮೊಳಕಾಲಿಗೆ ಎಣ್ಣೆ ತಿಕ್ಕುತ್ತ ನಾನೇ ತೊದಲಿದೆ.

"ಅತ್ತೀ, ಬಡಿಗ್ಯಾ ಕೇಳಾಕತ್ತಾನ... ಗಾಡಿ ಹಿಂದ..."

"ನಾನೂ ಕೇಳಿಸ್ಕೊಂಡೇನಿ ಬಿಡು," ಅಂದರು. ಕಾಲನ್ನು ಇನ್ನಷ್ಟು ಚಾಚಿ, "ಆ ಡಬ್ಬಿ ಯಾರು ತೆಗೀಬೇಕು?" ಎಂದರು.

ನನ್ನ ತಲೆಯಲ್ಲಿ ಚಿಲಕವಿರುವ ಒಂದು ಬಾಗಿಲು ಮಾತ್ರ ಇತ್ತು. ಡಬ್ಬಿಯ ವಿಚಾರ ಹೊಳೆದೇ ಇರಲಿಲ್ಲ.

"ನನ್ನ ತವರಮನ್ಯಾಗ ಹಿತ್ತಲ ಬಾಗಿಲಿಗೆ ಒಬ್ಬಾಕಿ ದಿನಾ ಬುಟ್ಟಿ ತಗೊಂಡು ಬರ್ತಿದ್ಲು," ಅತ್ತೆ ಹೇಳಿದರು. "ನನ್ನಷ್ಟ ವಯಸ್ಸಿನಾಕಿ. ಆಕಿ ಬಂದ್ರ ನಾವು ಮುಖಾ ಆ ಕಡಿ ತಿರುವತಿದ್ವಿ. ಹದಿನಾಕು ವರ್ಷ ಆ ಮನ್ಯಾಗ ಇದ್ದೆ, ಒಂದಿನಾ ಆಕಿ ಮುಖಾ ನೋಡಲಿಲ್ಲ ನಾ. ಈಗ ಹೋದ ಹೋದ ಊರಾಗ ಅಂಥಾಕಿನ್ನ ಹುಡುಕಿ ಕರಸೂದೇನು? ಅಮೀನನ ಅವ್ವನ ಡಬ್ಬಿ ಅಂತ ಆಕಿ ತಲೀಮ್ಯಾಲೆ ಇಡೂದೇನು?"

ಇಷ್ಟು ಹೇಳಿ, ಎಣ್ಣೆ ಹಚ್ಚಿದ ತಮ್ಮ ಮೊಳಕಾಲನ್ನೇ ನೋಡಿದರು. ಆ ಕಾಲು ಮಡಚಿ ಕೂತರೆ ಯಾರಾದರೂ ಎಬ್ಬಿಸಬೇಕಿತ್ತು. ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ನಾಲ್ಕನೆಯ ದಿನ ಬಡಿಗನೇ ದಾರಿ ತೋರಿಸಿದ. "ಹಿಂದಿನ ಜಾಗಾ ಹಂಗ ಬಿಡ್ತೇನಿ. ಈ ಸಲ ಹೋಗಿ ಬರ್ರಿ. ಬಂದ ಮ್ಯಾಲ ಬೇಕಂದ್ರ ಮಾಡಿಕೊಡ್ತೇನಿ." ಇವರ ಮುಖ ಅರಳಿತು. ತೀರ್ಮಾನ ಮುಂದೆ ಹೋದದ್ದಕ್ಕೇ ಅಷ್ಟು ಸಮಾಧಾನ. ಆ ಎರಡು ಮೊಳ ಜಾಗದಲ್ಲಿ ನೀರಿನ ಕೊಡ, ಕಟ್ಟಿಗೆ ಇಟ್ಟುಕೊಂಡು ಹೊರಟೆವು.

ಮೊದಲ ಮೊಕ್ಕಾಮು ಕಡಗಂಚಿ. ಹಾದಿಯ ಎರಡೂ ಬದಿಗೆ ಜೋಳ ತಲೆಗಿಂತ ಎತ್ತರ ನಿಂತಿತ್ತು. ನಸುಕಿನಲ್ಲಿ ಊರ ಹೆಂಗಸರು ಗಾಡಿಯ ಹತ್ತಿರ ಬಂದು, "ನೀರಿನ ಚರಿಗಿ ತಗೊಂಡು ಬರ್ರಿ ಅಕ್ಕಾರ, ನಮ್ಮ ಕೂಡ," ಎಂದು ಕರೆದರು. ಜೋಳದೊಳಗೆ ಎರಡು ಸಾಲು ಹೋದರೆ ಲೋಕಕ್ಕೆ ನಾವಿಲ್ಲ. ಅತ್ತೆ ನನ್ನ ಹೆಗಲು ಹಿಡಿದು ಏಳುತ್ತಿದ್ದರು. ಸ್ನಾನಕ್ಕೆ ಗಾಲಿಯಿಂದ ಕಮಾನಿಗೆ ಎರಡು ಸೀರೆ ಕಟ್ಟಿದರೆ ಆಯಿತು. ಇಷ್ಟಕ್ಕೆ ಮೂರು ದಿನ ಒದ್ದಾಡಿದೆವಲ್ಲ ಎಂದು ನಕ್ಕೆವು. ಬಿಸಿ ರೊಟ್ಟಿ ಮಾಡಿ ಹಾಕುತ್ತಿದ್ದೆ, ಇವರ ಕೆನ್ನೆ ತುಂಬಿಕೊಂಡವು.

ಸಂಕ್ರಾಂತಿ ಕಳೆದು ಕೆಲಸ ಅಫಜಲಪುರದ ಕಡೆ ಸರಿಯಿತು. ಅಲ್ಲಿ ಜೋಳ ಕೀಳಲು ಶುರುವಾಗಿತ್ತು. ಇವತ್ತು ಮರೆಯಾಗಿದ್ದ ಹೊಲ ನಾಳೆ ಬರಿದು. ಶಿವರಾತ್ರಿಯ ಹೊತ್ತಿಗೆ ನೋಡಿದಷ್ಟು ದೂರವೂ ಕಪ್ಪು ನೆಲ. ಗಿಡವಿಲ್ಲ, ಕಂಟಿಯಿಲ್ಲ, ಅರ್ಧ ಹರದಾರಿ ಆಚೆ ನಾಯಿ ಓಡಿದರೂ ಕಾಣುತ್ತಿತ್ತು.

ಅದರ ಮೇಲೆ ಮರ್ಯಾದೆಯ ಕಾಟ. ಅಮೀನರ ಮನೆಯವರು ಬಂದಿದ್ದಾರೆಂದು ಊರ ಪಾಟೀಲರು ಬಂದೋಬಸ್ತಿಗೆ ತಳವಾರನನ್ನು ಗಾಡಿಯ ಹತ್ತಿರ ಕೂರಿಸುತ್ತಿದ್ದರು. ಬಹಳ ನಿಷ್ಠೆಯವರು ಆ ತಳವಾರರು. ನಾವು ಚರಿಗೆ ಹಿಡಿದು ಇಳಿದರೆ ಕೋಲು ತೆಗೆದುಕೊಂಡು ಹತ್ತು ಹೆಜ್ಜೆ ಹಿಂದೆ ಹೊರಡುವರು. "ಬ್ಯಾಡಪ್ಪಾ, ನೀ ಇಲ್ಲೇ ಇರು" ಅಂದರೆ, "ಹುಳಾ ಹುಪ್ಪಡಿ ಇರ್ತಾವ್ರಿ ಅವ್ವಾರ, ಸಾಹೇಬ್ರ ನನಗ ಬೈತಾರ್ರಿ," ಅನ್ನುವರು. ಹೀಗಾಗಿ ಬೆಳಕು ಹರಿಯುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವೆ ತಡೆದುಕೊಂಡಿರುವುದು.

ಸೊನ್ನ ಎಂಬ ಊರಲ್ಲಿ ಎರಡು ದಿನ ಸುಖವಾಗಿದ್ದೆವು. ಭೀಮೆಯ ದಂಡೆ ಇಳಿಜಾರು, ಹೆಂಗಸರ ಕಡೆಗೆ ಗಂಡಸರು ಸುಳಿಯುತ್ತಿರಲಿಲ್ಲ. ಅತ್ತೆ ಎದೆಮಟ್ಟ ನೀರಿನಲ್ಲಿ ಕೂತು ಏಳಲೊಲ್ಲೆ ಎಂದು ಹಟ ಹಿಡಿದರು. ಅಲ್ಲಿಂದ ಜೇವರ್ಗಿಯ ದಾರಿ ಹಿಡಿದ ಮೇಲೆ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಅತ್ತೆಯ ಮಜ್ಜಿಗೆ ಹಾಗೇ ಉಳಿಯುತ್ತಿತ್ತು. ನೀರು ಕೊಟ್ಟರೆ ತುಟಿಗೆ ಹಚ್ಚಿ ಇಟ್ಟುಬಿಡುತ್ತಿದ್ದರು. ಕೇಳಿದರೆ, "ನೀರಡಿಕಿ ಇಲ್ಲ" ಅನ್ನುವರು, ಅಂಥ ಬಿಸಿಲಿನಲ್ಲಿ.

ಜೇವರ್ಗಿ ಇನ್ನೂ ಮೂರು ಹರದಾರಿ ಇರುವಾಗ ಅದು ಕೈಮೀರಿತು. ಅಂದು ನಮ್ಮದು ಮೆರವಣಿಗೆಯೇ. ಮುಂದೆ ತಟ್ಟು ಕುದುರೆಗಳ ಮೇಲೆ ಇವರು, ಒಬ್ಬರು ಪಾಟೀಲರು, ಪಟವಾರಿ. ಹಿಂದೆ ಸರಪಳಿ ಹೊತ್ತ ಆಳುಗಳು. ಪಕ್ಕಕ್ಕೆ ಕೋಲು ಹಿಡಿದ ತಳವಾರ. ಗಾಡಿಯೊಳಗೆ ಅತ್ತೆ ನನ್ನ ಹೆಗಲಿಗೆ ಒರಗಿದರು. ಮೈ ಸುಡುತ್ತಿತ್ತು. ತುಟಿ ಬಿಳಿಚಿಕೊಂಡು ಸಿಪ್ಪೆ ಎದ್ದಿತ್ತು.

"ನೀರು ಕುಡೀರಿ ಅತ್ತೀ."

"ಬ್ಯಾಡವ್ವಾ. ಬೆಳಗಿಂದ ತಡಕೊಂಡೇನಿ. ನಿನ್ನೆ ರಾತ್ರೀನೂ ಹೋಗಿಲ್ಲ. ಹೊಟ್ಟಿ ಕಲ್ಲಾಗೇದ." ನನ್ನ ಕೈ ಗಟ್ಟಿಯಾಗಿ ಹಿಡಿದರು. "ಇನ್ನ ಆಗೂದಿಲ್ಲ ನನ್ನ ಕೈಲೆ. ಅವಗ ಹೇಳಬ್ಯಾಡ."

ಚಾಪೆ ಸರಿಸಿ ನೋಡಿದೆ. ಬಯಲು, ಬಯಲು, ಬಯಲು. ಬಲಗಡೆ ಒಂದೇ ಒಂದು ಹೊಲದಲ್ಲಿ ಏಳೆಂಟು ಹೆಂಗಸರು ಜೋಳ ಕೀಳುತ್ತಿದ್ದರು. ಅದುವರೆಗೆ ಹೊರಗಿನ ಗಂಡಸರ ಮುಂದೆ ನಾನು ದನಿ ಎತ್ತಿದವಳಲ್ಲ.

"ಕಾಕಾ, ಗಾಡಿ ನಿಂದರಸ್ರಿ!" ಎಂದು ಗಾಡಿ ಹೊಡೆಯುವವರಿಗೆ ಕೂಗಿದೆ.

ಗಾಡಿ ನಿಂತಿತು, ಮೆರವಣಿಗೆ ನಿಂತಿತು. ಇವರು ತಟ್ಟು ತಿರುಗಿಸಿಕೊಂಡು ಬಂದರು. "ಏನಾತು?" ಅಂದರು. ನಾನು ಇಳಿದು, ಸೆರಗು ಎಳೆದುಕೊಂಡು, ಎಲ್ಲರಿಗೂ ಕೇಳುವಂತೆಯೇ ಹೇಳಿದೆ: "ನೀವೆಲ್ಲಾರೂ ಮುಂದ ಹೋಗ್ರಿ. ಆ ಹಳ್ಳಾ ದಾಟಿ ನಿಂದರ್ರಿ. ನಾ ಹೇಳಿ ಕಳಸೂತನಕಾ ಹೊಳ್ಳಿ ನೋಡಬ್ಯಾಡ್ರಿ."

"ಹಾದ್ಯಾಗ ಹೆಣ್ಮಕ್ಕಳನ್ನ ಬಿಟ್ಟು ಹೆಂಗ ಹೋಗೂದ್ರಿ?" ಪಾಟೀಲರು ಪಾಪ ಕಳವಳದಿಂದಲೇ ಕೇಳಿದರು. ಇವರು ನನ್ನ ಮುಖ ನೋಡಿದರು, ಗಾಡಿ ನೋಡಿದರು. ಕಿವಿ ಕೆಂಪಾದವು. "ನಡೀರಿ, ನಡೀರಿ," ಎಂದು ಎಲ್ಲರನ್ನೂ ಅಟ್ಟಿಕೊಂಡು ಹೊರಟೇಬಿಟ್ಟರು. ತಳವಾರ ಎರಡು ಸಲ ತಿರುಗಿದ. ಎರಡು ಸಲವೂ ಇವರು ಗದರಿಸಿದ್ದು ಕೇಳಿಸಿತು. ಗಾಡಿಯ ಕಾಕಾ ಯಾರೂ ಹೇಳದೆಯೇ ಎತ್ತು ಬಿಚ್ಚಿಕೊಂಡು, "ನೀರು ಕುಡಿಸ್ಕೊಂಡು ಬರ್ತೇನ್ರಿ," ಎಂದು ಹಳ್ಳದ ಕಡೆ ನಡೆದರು.

ನಾನು ಹೊಲದೊಳಕ್ಕೆ ಓಡಿದೆ. ಎರೆನೆಲದ ಬಿರುಕಿನಲ್ಲಿ ಕಾಲು ಸಿಕ್ಕಿ ಒಮ್ಮೆ ಬಿದ್ದೆ. ಸೂಡು ಕಟ್ಟುತ್ತಿದ್ದ ಹಿರಿಯಳೊಬ್ಬಳು ಬಂದು ಎಬ್ಬಿಸಿದಳು.

"ಏನಾತವ್ವಾ?"

"ನಮ್ಮತ್ತಿಗೆ... ಮೊಳಕಾಲು ಬ್ಯಾನಿ... ಕುಂದರಾಕ ಸುತ್ತ ಎಲ್ಲೂ ಮರಿ ಇಲ್ಲ..." ಅಷ್ಟರಲ್ಲಿ ನನಗೆ ಅಳು ಬಂದಿತ್ತು.

"ಇಷ್ಟಕ್ಕ್ಯಾಕ ಅಳಾಕತ್ತಿ? ಏ, ಬರ್ರೇ ಎಲ್ಲಾರೂ!" ಎಂದು ಕೂಗಿದಳು.

ಅವರ ಕೈಯ ಚುರುಕು ಈಗಲೂ ಕಣ್ಣಮುಂದಿದೆ. ಕಿತ್ತು ಕಟ್ಟಿದ ಜೋಳದ ಸೂಡುಗಳನ್ನು ಎತ್ತಿ ತಂದು, ಒಂದಕ್ಕೊಂದು ಒರಗಿಸಿ, ಗುಂಡಗೆ ನಿಲ್ಲಿಸಿದರು. ನೋಡುನೋಡುತ್ತ ಆಳೆತ್ತರದ ಒಂದು ಕೋಣೆ. ಇಬ್ಬರು ಅತ್ತೆಯನ್ನು ಗಾಡಿಯಿಂದ ಇಳಿಸಿ ಕರೆತಂದರು. ಆ ಹಿರಿಯಳು ಜೊತೆಗೆ ಒಳಗೆ ಹೋಗಿ, ಮುಖ ಆಚೆ ಮಾಡಿ ನಿಂತು, ಎರಡೂ ಕೈಯನ್ನು ಹಿಂದಕ್ಕೆ ಚಾಚಿದಳು. "ನನ್ನ ಕೈ ಹಿಡಕೊಂಡು ಕುಂದರ್ರಿ ಯಕ್ಕಾ. ಬೀಳಂಗಿಲ್ಲ. ಗಡಿಬಿಡಿ ಮಾಡಬ್ಯಾಡ್ರಿ."

ನಾವೆಲ್ಲ ಹೊರಗೆ ಬೆನ್ನು ಮಾಡಿ ನಿಂತೆವು. ಬಹಳ ಹೊತ್ತಾಯಿತು. ಆಮೇಲೆ ಒಳಗಿಂದ "ಶಿವನೇ!" ಎಂಬ ದೊಡ್ಡ ಉಸಿರು, ಅದರ ಹಿಂದೆಯೇ ಅತ್ತೆಯ ನಗು. ಆ ನಗು ಕೇಳಿ ಹೆಂಗಸರೂ ನಕ್ಕರು, ನಾನು ಕಣ್ಣೊರೆಸಿಕೊಂಡು ನಕ್ಕೆ.

ಗಾಡಿಯ ನೆರಳಿನಲ್ಲಿ ಕೂತು ಅತ್ತೆ ಒಂದು ತಂಬಿಗೆ ನೀರು ಕುಡಿದರು. ಇನ್ನೊಂದು ಕೇಳಿ ಅದನ್ನೂ ಕುಡಿದರು. ಮುಖಕ್ಕೆ ಬಣ್ಣ ಬಂತು. ಹೆಂಗಸರು ಬುತ್ತಿ ಬಿಚ್ಚಿದಾಗ, ಹೊರಗೆ ಯಾರ ಕೈಯದೂ ಉಣ್ಣದ ನಮ್ಮ ಅತ್ತೆ ತಾವಾಗಿಯೇ ಕೈ ಚಾಚಿ, "ನನಗೂ ಒಂದು ತುಕುಡಿ ಕೊಡ್ರೆವ್ವಾ," ಎಂದು ಕಟಿರೊಟ್ಟಿ, ಕೆಂಪುಖಾರ ಇಸಿದುಕೊಂಡು ತಿಂದರು.

"ನೀವು ಬ್ಯಾಸಿಗ್ಯಾಗ ಏನ್ ಮಾಡ್ತೀರಿ?" ಅತ್ತೆ ಕೇಳಿದರು.

"ನಾವು ದಿನಾ ಹೊಲದಾಗ ಇರಾವ್ರು. ಸೂಡು ಇಲ್ದಾಗ ನಾಕು ಮಂದಿ ನಿಂತು ಸುತ್ತ ಗುಡಾರದ ದಪ್ಪ ಅರಿಬಿ ಹಿಡೀತೇವ್ರಿ," ಅಂದಳು ಹಿರಿಯಳು. "ನಿಮಗ ಮಂದಿ ಇಲ್ಲಂದ್ರ ನಾಕು ಕೋಲು ನಿಂದರಸ್ರಿ. ಕೋಲಿಗೆ ಕಣ್ಣಿಲ್ಲಲ್ರಿ!"

ನಾನು ಗಾಡಿಯ ಕಡೆ ನೋಡಿದೆ. ಹೊಲ ಅಳೆಯುವಾಗ ದೂರದಲ್ಲಿ ನಿಶಾನೆ ನೆಡುವ ಬಿದಿರಿನ ಕೋಲುಗಳು ಕಮಾನಿನ ಪಕ್ಕಕ್ಕೇ ಕಟ್ಟಿದ್ದವು. ಮೂರು ತಿಂಗಳ ಮೇಲಿಂದ ನಮ್ಮ ಜೊತೆಗೇ ತಿರುಗಿದ್ದವು.

ಜೇವರ್ಗಿಯ ಮೊಕ್ಕಾಮಿನಲ್ಲಿ ಅಂದು ಸಂಜೆ ಇವರಿಗೆ ಎಲ್ಲ ಹೇಳಿದೆ. ಅತ್ತೆ ಹೇಳಬೇಡ ಅಂದಿದ್ದರೂ ಹೇಳಿದೆ. ಇವರು ಎದ್ದು ಹೋಗಿ, ನಾಲ್ಕು ಕೋಲು ಬಿಚ್ಚಿ ತಂದು, ಗಾಡಿಯಿಂದ ಇಪ್ಪತ್ತು ಹೆಜ್ಜೆ ಆಚೆ ಚೌಕ ಅಳೆದು ನೆಟ್ಟು, ಸಾಮಾನಿಗೆ ಹೊದಿಸುತ್ತಿದ್ದ ಗುಡಾರದ ಬಟ್ಟೆಯನ್ನು ಸುತ್ತಲೂ ಬಿಗಿದು ಕಟ್ಟಿದರು. ಆ ಒಂದು ಮಾತು ಬಾಯಲ್ಲಿ ಹೇಳಲಾರದ ಮನುಷ್ಯ ಬೆವರೊರೆಸಿಕೊಳ್ಳುತ್ತ, "ಗಾಳಿ ಈ ಕಡಿಂದ ಬರ್ತದ, ಬಾಗಿಲಾ ಆ ಕಡಿ ಇರಲಿ," ಎಂದರು. ಒಳಗೆ ಗುದ್ದಲಿಯಿಂದ ಮೊಳದಾಳ ಗುಂಡಿ ನಾನೇ ತೋಡಿದೆ. ಹೊರಡುವ ದಿನ ನಾನೇ ಮಣ್ಣು ಮುಚ್ಚಿದೆ. ಅಷ್ಟು ಮಣ್ಣು ಎಳೆಯುವುದರಲ್ಲಿ ಅಂಥ ಕಷ್ಟವೇನೂ ಇರಲಿಲ್ಲ. ಬಡಿಗ ಕೇಳಿದ ದಿನ ನಾನು ಡಬ್ಬಿಯ ಬಗ್ಗೆ ಯೋಚಿಸದೆ ಚಿಲಕಕ್ಕೆ ಆಸೆಪಟ್ಟದ್ದು ನೆನಪಾಗಿ ನಾಚಿಕೆಯಾಯಿತು. ಅದನ್ನು ಮಾಡಿಸದೆ ಉಳಿದೆವಲ್ಲ ಎಂದು ಎದೆ ಹಗುರವೂ ಆಯಿತು.

ಯುಗಾದಿಗೆ ಆಳಂದ ಸೇರಿದ ಮೇಲೆ ಬಡಿಗ ಬಂದ. "ಹಿಂದಿನ ಜಾಗಾ ಏನ್ ಮಾಡೂದ್ರಿ ಸಾಹೇಬ್ರ?"

ಈ ಸಲ ಅತ್ತೆ ಹೊಸ್ತಿಲಿಗೇ ಬಂದು ಕೂತರು. "ಹಲಿಗಿ ಬ್ಯಾಡ, ಡಬ್ಬಿ ಬ್ಯಾಡ. ನಾಕು ಚಲೋ ಕೋಲು ಮಾಡಿಕೊಡು, ಈಗಿನ್ವು ಸರ್ಕಾರದವು. ಮತ್ತ ಒಂದು ಸ್ಟೂಲು. ಇಷ್ಟ ಎತ್ತರ." ಕೈಯಿಂದ ಮೊಳಕಾಲು ಮುಟ್ಟಿ ತೋರಿಸಿದರು. "ನಡುವ ತೂತು ಇರಬೇಕು. ತಿಳೀತಿಲ್ಲೋ?"

"ತಿಳೀತ್ರಿ ಅವ್ವಾರ. ಎತ್ತಿಗೂ ಭಾರ ಕಡಿಮಿ ಆತು ನೋಡ್ರಿ," ಎಂದ ಬಡಿಗ.

ಇವರು ಕಾಗದದಿಂದ ತಲೆ ಎತ್ತಲಿಲ್ಲ. ಬಡಿಗ ಏಳುವಾಗ ಮಾತ್ರ, "ಅಂಚು ನುಣ್ಣಗ ಉಜ್ಜು. ಸಿಬರು ಇರಬಾರ್ದು," ಅಂದರು.

ಆಮೇಲೆ ನಾಲ್ಕು ವರ್ಷ ನಾವು ದೌರಾ ಹೋದೆವು. ಮರುವರ್ಷ ಅಫಜಲಪುರದ ಆಚೆ ಒಂದು ಊರಲ್ಲಿ ಪಾಟೀಲರ ಮನೆಯ ಯಜಮಾನತಿ ಅತ್ತೆಯನ್ನು ಮಾತಾಡಿಸಲು ಬಂದರು. ಅವರೂ ಭಾರಿ ಮೈಯವರು, ಕಾಲುನೋವಿನವರು. ಅತ್ತೆ ಅವರನ್ನು ಕೈಹಿಡಿದು ಗುಡಾರದ ಮರೆಯೊಳಗೆ ಕರೆದುಕೊಂಡು ಹೋಗಿ, ಒಡವೆ ತೋರಿಸುವವರ ಹಾಗೆ ಎಲ್ಲವನ್ನೂ ತೋರಿಸಿದರು. ಆಕೆ ಸೀರೆಯ ಮೇಲೇ ಸ್ಟೂಲಿನ ಮೇಲೆ ಕೂತು, ಎದ್ದು, ಮತ್ತೆ ಕೂತು ನೋಡಿದರು. ಹೊರಗೆ ಚಹಾ ಹಿಡಿದುಕೊಂಡು ನಿಂತಿದ್ದ ನನಗೆ ಒಳಗಿನ ಮಾತು ಕೇಳುತ್ತಿತ್ತು.

"ಆ ಬಡಿಗ್ಯಾ ಎಲ್ಲಿರ್ತಾನ್ರಿ?"

"ಆಳಂದದಾಗ. ನಾ ಹೇಳಿ ಕಳಸ್ತೇನಿ ಬಿಡ್ರಿ. ನಿಮ್ಮ ಮೊಳಕಾಲಿನ ಅಳತಿ ಕೊಡ್ರಿ ಮೊದಲು."

ಚಹಾ ಆರಿತೆಂದು ಮತ್ತೆ ಕಾಯಿಸಲು ಒಲೆಯ ಕಡೆ ಹೋದೆ.