ನಾಲ್ಕು ಸ್ಕ್ರೂ ಬಿಚ್ಚಿದರೆ ಸಾಕು

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊರೆಯುವ ಮಷೀನುಗಳು ಎಂಟು ಗಂಟೆಗೆ ಶುರುವಾಗುತ್ತವೆ. ಆಮೇಲೆ ಓಣಿ ಓಣಿಯಲ್ಲೂ ಕಲ್ಲಿನ ಹಿಟ್ಟು. ಅದಕ್ಕೇ ಫರಹತ ಬೇಗಂ ಬೆಳಗಿನ ನಮಾಜು ಮುಗಿದದ್ದೇ ಅಂಗಡಿಯ ಬಾಗಿಲು ತೆಗೆಯುತ್ತಾರೆ. ಧೂಳು ಇನ್ನೂ ನೆಲ ಬಿಟ್ಟೇಳದ ಆ ಎರಡು ತಾಸಿನಲ್ಲಿ ಮಾತ್ರ ಅವರು ಮೊಬೈಲಿನ ಹೊಟ್ಟೆ ಬಿಚ್ಚುತ್ತಾರೆ. ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು, ಕೈ ತೊಳೆದು, "ಬಿಸ್ಮಿಲ್ಲಾ" ಎಂದು ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ದಿನಕ್ಕೆ ನಾಲ್ಕೋ ಐದೋ, ಅಷ್ಟೇ.

ಇವತ್ತು ಮೇಜಿನ ಮೇಲಿರುವುದು ಗಿರಾಕಿಯ ಮೊಬೈಲಲ್ಲ. ಫರಹತರೇ ಕೂತು ಕಟ್ಟಿದ, ಅಂಗೈಗಿಂತ ತುಸು ಅಗಲದ ಕಂಪ್ಯೂಟರು. ತೆಂಗಳಿಯ ಆಶಾ ಕಾರ್ಯಕರ್ತೆ ಮಾಣಿಕಮ್ಮನವರಿಗಾಗಿ ಮಾಡಿದ್ದು. ಅವರು ಮೊದಲ ಬಸ್ಸಿಗೆ ಬರುವವರಿದ್ದಾರೆ. ತೆಗೆದುಕೊಂಡು ಹೋಗುತ್ತಾರೋ, ಬೇಡವೆಂದು ಎದ್ದು ಹೋಗುತ್ತಾರೋ ಫರಹತರಿಗೆ ಗೊತ್ತಿಲ್ಲ. ಬೇಡ ಎನ್ನಲು ಮಾಣಿಕಮ್ಮನವರಿಗೆ ಕಾರಣವಿದೆ.

ಈ ಅಂಗಡಿ ಮೊದಲು ತಂದೆ ಸಿರಾಜುದ್ದೀನರದು, ರೇಡಿಯೋ ರಿಪೇರಿಯದು. "ಅಬ್ಬಾ ರೇಡಿಯೋದ ಹಿಂದಿನ ಹಲಗಿ ತಗದು ಗಿರಾಕಿಗಿ ತೋರಸ್ತಿದ್ರು. ನಿಮ್ಮದರೊಳಗ ಏನ್ ಕೆಟ್ಟದ, ನಿಮಗ ಗೊತ್ತಿರಬೇಕು ಅಂತಿದ್ರು. ಈಗಿನ ಮೊಬೈಲ್ ತೋರಸ್ಬೇಕಂದ್ರ ಬಿಸಿ ಮಾಡಿ ಗೋಂದು ಕರಗಸ್ಬೇಕ್ರಿ. ತಮ್ಮ ಸಾಮಾನು ತಾವೇ ನೋಡಲಾರದಂಗ ಆಗ್ಯಾದ" ಎನ್ನುತ್ತಾರೆ ಫರಹತ. ತಂದೆಯ ಕಣ್ಣು ಮಂಜಾದ ಮೇಲೆ, ಹದಿನೇಳು ವರ್ಷದ ಹಿಂದೆ, ಇವರು ಆ ಕುರ್ಚಿಯಲ್ಲಿ ಕೂತರು. ಬಂದವರು ಒಳಗೆ ಇಣುಕಿ "ಉಸ್ತಾದ್ ಎಲ್ಲಿ ಹೋಗ್ಯಾರ?" ಎಂದು ಕೇಳುತ್ತಿದ್ದರು. "ಎಲ್ಲೂ ಹೋಗಿಲ್ಲ, ನಿಮ್ಮ ಮುಂದೇ ಕುಂತಾಳ. ಕುಂದ್ರಿ" ಎನ್ನುತ್ತಿದ್ದರಂತೆ.

ಅವರದೊಂದು ಪದ್ಧತಿಯಿದೆ. ರಿಪೇರಿಯಾದದ್ದನ್ನು ಕೈಗೆ ಕೊಡುವ ಮುನ್ನ ಗಿರಾಕಿಗೆ ಒಂದೇ ಪ್ರಶ್ನೆ: "ಇದು ಹ್ಯಾಂಗ ಇದ್ದಿದ್ರ ನಿಮಗ ಚಲೋ ಆಗ್ತಿತ್ತು?" ನಕ್ಕು ಹೋಗುವವರೇ ಹೆಚ್ಚು; ಉತ್ತರ ಕೊಟ್ಟವರದನ್ನು ವಹಿಯಲ್ಲಿ ಬರೆದಿಡುತ್ತಾರೆ. ಹನ್ನೊಂದು ವರ್ಷದಲ್ಲಿ ಮೂರು ವಹಿ ತುಂಬಿವೆ, ಸಾವಿರದ ನೂರಕ್ಕೂ ಹೆಚ್ಚು ಉತ್ತರ. ಬ್ಯಾಟರಿ ಕೈಯಿಂದಲೇ ತೆಗೆಯಲು ಬರಬೇಕೆಂದವರೇ ನಾನ್ನೂರು ಮಂದಿ. ಬಿಸಿಲಲ್ಲಿ ಅಕ್ಷರ ಕಾಣಬೇಕು, ನೆಟ್ ಇಲ್ಲದ ಕಡೆಯೂ ನಡೆಯಬೇಕು, ಕನ್ನಡದಲ್ಲಿ ಬರೆಯಲು ಬರಬೇಕು. ಚಿಮ್ಮನಚೋಡದ ಒಬ್ಬ ರೈತರಂತೂ ಕರೆಂಟ್ ಹೋದರೆ ಟಾರ್ಚಿನ ಸೆಲ್ಲಿನ ಮೇಲೂ ಓಡಬೇಕೆಂದು ಎರಡೆರಡು ಸಲ ಬರೆಸಿ ಹೋಗಿದ್ದಾರೆ.

ಕಲ್ಲಿನ ಖಣಿಯಲ್ಲಿ ನಲವತ್ತು ವರ್ಷ ದುಡಿದ ಖಂಡೆಪ್ಪ ಹೇಳಿದ್ದು ಬೇರೆ. "ಬೇಟಿ, ನನ್ನ ಬೊಟ್ಟು ಕಲ್ಲಾಗ್ಯಾವ. ಒತ್ತಿದ್ರ ಈ ಗಾಜಿಗಿ ನಾ ಒಬ್ಬ ಮನುಷ್ಯಾ ಅನ್ನೋದೇ ತಿಳೀವಲ್ದು." ಅದನ್ನು ಬರೆದುಕೊಂಡ ದಿನ ಫರಹತ ಊಟ ಮಾಡಲಿಲ್ಲ. ಅವರು ಕಟ್ಟಿದ ಕಂಪ್ಯೂಟರಿಗೆ ಒತ್ತಿದರೆ ಟಕ್ಕೆನ್ನುವ ಗುಂಡಿಗಳು ಬಂದದ್ದು ಹಾಗೆ. ಒಳಗಿನ ತಂತ್ರಾಂಶವೂ ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಹಳೆಯ ಮೊಬೈಲುಗಳ ಪರದೆ, ಕೆಟ್ಟ ರೇಡಿಯೋದ ಸ್ಪೀಕರು, ಹೊರಗಿನಿಂದ ತರಿಸಿದ ಒಂದು ಪುಟ್ಟ ಬೋರ್ಡು, ಎಲ್ಲ ಸೇರಿ ಅದಕ್ಕೊಂದು ಜೀವ.

ಆದರೆ ಮೊದಲನೆಯದನ್ನು ಕಟ್ಟುವಾಗ ಫರಹತ ಒಂದು ತಪ್ಪು ಮಾಡಿದರು, ಈ ಊರಿನವರಷ್ಟೇ ಮಾಡಬಹುದಾದ ತಪ್ಪು. ಹುಟ್ಟಿದಾಗಿನಿಂದ ಧೂಳು ಉಂಡವರು, ಧೂಳಿಗೇ ಹೆದರಿದರು. ಕೂದಲೆಳೆಯಷ್ಟೂ ಸಂದು ಬಿಡದೆ ಸುತ್ತಲೂ ಗೋಂದು ಹಚ್ಚಿ ಮುಚ್ಚಿ, ಮಾಣಿಕಮ್ಮನವರಿಗೆ ಕೊಟ್ಟರು. ಮೇ ತಿಂಗಳ ಬಿಸಿಲಲ್ಲಿ ಮಾಣಿಕಮ್ಮನವರ ಚೀಲದೊಳಗೆ ಬ್ಯಾಟರಿ ಉಬ್ಬಿತು. ಬಿಚ್ಚಲು ಹೋದರೆ ಗೋಂದಿನ ಜೊತೆ ಬೋರ್ಡೇ ಕಿತ್ತು ಬಂತು. ನಲವತ್ತೆರಡು ಬಸುರಿ ಬಾಣಂತಿಯರ ತಾರೀಖು, ಮಕ್ಕಳ ಲಸಿಕೆಯ ಲೆಕ್ಕ, ಎಲ್ಲ ಹೋಯಿತು. ಮಾಣಿಕಮ್ಮ ಒಂದು ಮಾತೂ ಬೈಯಲಿಲ್ಲ. ಹನ್ನೆರಡು ದಿನ ಮನೆ ಮನೆ ನಡೆದು ಎಲ್ಲವನ್ನೂ ಮತ್ತೆ ಪುಸ್ತಕದಲ್ಲಿ ಬರೆದುಕೊಂಡರು.

"ಬೈದಿದ್ರ ಹಗೂರಾಗ್ತಿತ್ರಿ" ಎನ್ನುತ್ತಾರೆ ಫರಹತ. "ಒಳಗ ಹೋದ ಧೂಳ ಬ್ರಷ್‌ಲೆ ಜಾಡಸ್ಬಹುದು. ಬಿಚ್ಚಲಿಕ್ಕೇ ಬರಲಿಲ್ಲಂದ್ರ ಏನ್ ಮಾಡ್ತೀರಿ? ಅಲ್ಲಾ ಮನುಷ್ಯಾಗ ಬುದ್ಧಿ ಕೊಡ್ತಾನ, ಆದ್ರ ಒಮ್ಮೊಮ್ಮೆ ತಡಾ ಮಾಡ್ತಾನ."

ಗೋಣಿತಟ್ಟು ಸರಿಸಿ ಮಾಣಿಕಮ್ಮ ಒಳಗೆ ಬರುತ್ತಾರೆ. ಕೂತವರೇ ಮೇಜಿನ ಮೇಲಿದ್ದದ್ದನ್ನು ದೂರದಿಂದಲೇ ನೋಡುತ್ತಾರೆ.

"ತಂಗಿ, ನೀ ಕರದಿ ಅಂತ ಬಂದೀನಿ. ನನಗ ನನ್ನ ಪುಸ್ತಕಾನೇ ಬೇಸು. ಅದು ಉಬ್ಬಂಗಿಲ್ಲ."

"ಖರೆ ಅದ ಅಕ್ಕಾ. ಒಮ್ಮಿ ಕೈಯಾಗ ಹಿಡೀರಿ. ಬ್ಯಾಡಂದ್ರ ನಾ ಒತ್ತಾಯ ಮಾಡಂಗಿಲ್ಲ."

"ಇದು ಕೆಟ್ರ ಮತ್ತ ನಿನ್ನ ಹತ್ರಾನೇ ಓಡಿ ಬರಬೇಕು?"

ಫರಹತ ಎಂಟಾಣೆಯ ಹಳೆಯ ಬಿಲ್ಲೆಯೊಂದನ್ನು ಅವರ ಮುಂದೆ ಇಡುತ್ತಾರೆ. ಹಿಂಬದಿಯ ನಾಲ್ಕೂ ಸ್ಕ್ರೂಗಳಿಗೆ ಬಿಲ್ಲೆ ಕೂರುವಷ್ಟು ಗೆರೆಯಿದೆ. ಮಾಣಿಕಮ್ಮ ಅಂಜುತ್ತಲೇ ತಿರುಗಿಸುತ್ತಾರೆ. ಮುಚ್ಚಳ ಕೈಗೆ ಬರುತ್ತದೆ. ಅಷ್ಟರಲ್ಲಿ ಒಂದು ಸ್ಕ್ರೂ ಜಾರಿ, ಉರುಳಿ, ನೆಲದ ಸಂದಿಗೆ ಬೀಳುತ್ತದೆ.

"ಹೋಯ್ತು! ನಾ ಹೇಳಿರಲಿಲ್ಲೇನು, ನನ್ನ ಕೈಗಿ ಕೊಡಬ್ಯಾಡ ಅಂತ!"

"ಎಲ್ಲಿ ಹೇಳಿರಿ? ಹೋಗ್ಲಿ ಬಿಡ್ರಿ ಅಕ್ಕಾ, ಮೂರರ ಮ್ಯಾಲೂ ನಿಲ್ತದ. ನಿಮ್ಮೂರಾಗ ಸೈಕಲ್ ಅಂಗಡಿಯಾಗೂ ಇಂಥದ್ದು ಸಿಗ್ತದ." ಒಳಗಿನ ಉಗುರಿನಷ್ಟು ಕಾರ್ಡನ್ನು ತೋರಿಸುತ್ತಾರೆ. "ನೀವು ಬರೆದಿದ್ದೆಲ್ಲಾ ಇದರಾಗ ಕುಂದ್ರತದ. ಪೆಟ್ಟಿಗಿ ಸತ್ರೂ ಇದು ಸಾಯಂಗಿಲ್ಲ. ಬ್ಯಾರೆ ಪೆಟ್ಟಿಗ್ಯಾಗ ಹಾಕ್ರಿ, ಹೆಸರೆಲ್ಲ ಎದ್ದು ಬರ್ತಾವ."

ಮಾಣಿಕಮ್ಮ ಕಾರ್ಡನ್ನು ತಾವೇ ತೆಗೆಯುತ್ತಾರೆ, ತಾವೇ ಹಾಕುತ್ತಾರೆ. ಮತ್ತೊಮ್ಮೆ ತೆಗೆಯುತ್ತಾರೆ, ಮತ್ತೊಮ್ಮೆ ಹಾಕುತ್ತಾರೆ. ಮುಚ್ಚಳ ಹಾಕಿ ಮೂರು ಸ್ಕ್ರೂ ಬಿಗಿಯುತ್ತಾರೆ. ಆಮೇಲೆ ಚೀಲದಿಂದ ಪುಸ್ತಕ ತೆಗೆದು, ಮೊದಲ ಪುಟ ನೋಡುತ್ತ ಗುಂಡಿ ಒತ್ತತೊಡಗುತ್ತಾರೆ: ಭಾಗ್ಯ, ಏಳನೇ ತಿಂಗಳು. ಪರದೆಯ ಮೇಲೆ ಕನ್ನಡ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ.

"ಪುಸ್ತಕಾನೂ ಇಟ್ಕೊಂಡಿರ್ತೀನಿ ನೋಡು ಮತ್ತ."

"ಇಟ್ಕೋರಿ. ನಾನೂ ಅದೇ ಹೇಳಾಕಿದ್ದೆ."

ಮಾಣಿಕಮ್ಮ ಬಸ್ಸಿಗೆ ಹೊರಟ ಮೇಲೆ, ನಿಮ್ಮ ಆಸೆಯೇನು ಎಂದು ಕೇಳಿದರೆ ಫರಹತ ಮೇಜು ಒರೆಸುತ್ತ ಹೇಳುತ್ತಾರೆ:

"ಮಾಣಿಕಕ್ಕ ಇನ್ನ ರಿಪೇರಿಗಂತ ನನ್ನ ಅಂಗಡಿಗಿ ಬರಬಾರದ್ರಿ. ಸುಮ್ನ ಬರ್ಲಿ, ಚಹಾ ಕುಡದು ಹೋಗ್ಲಿ."