ಕೆರೆಯದೆ ಉಳಿದ ಮುಖ

“ಏಳಬೇಡ, ಹಾಗೇ ಇರು. ಇವತ್ತು ನೀನೇ ಬಂದಿದ್ದೀಯ” ಎಂದರು, ನಿದ್ದೆಯಿಂದ ಗಾಬರಿಯಾಗಿ ಎದ್ದ ನನಗೆ. ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ವಯಸ್ಸಾದ ಚಿತ್ರಕಲಾವಿದೆ ಅವರು. ಗ್ಯಾಲರಿಗಳಿಗೆ ಬರೀ ಬಣ್ಣದ ಪಟ್ಟೆ ಬೇಕಿದ್ದ ಕಾಲದಲ್ಲೂ ಹಟ ಹಿಡಿದು ಮನುಷ್ಯರನ್ನೇ ಬರೆದವರು. ಭಾನುವಾರಗಳಂದು ನಾನು ರೇಷ್ಮೆ ಸೀರೆಯುಟ್ಟು, ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಅವರೆದುರು ಕೂರುತ್ತಿದ್ದೆ. ಸಂಜೆಯಾದರೆ ಕ್ಯಾನ್ವಾಸಿನ ಮೇಲಿನ ನನ್ನ ಮುಖವನ್ನು ಅವರು ಚಾಕುವಿನಿಂದ ಕೆರೆದುಬಿಡುತ್ತಿದ್ದರು. ಅಂದು ಮಾತ್ರ ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಿಂದ ಸೀದಾ ಹೋದವಳು, ಕೋಟೂ ಬಿಚ್ಚದೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಆ ಮುಖವನ್ನು ಅವರು ಕೆರೆಯಲಿಲ್ಲ.

ಚಿತ್ರವನ್ನು ನನಗೇ ಕೊಟ್ಟರು. “ರೇಷ್ಮೆ ಸೀರೇಲಿ ಬರೆಸ್ಕೋಬಾರದಿತ್ತಾ?” ಅಂತ ನಮ್ಮ ಯಜಮಾನರು ಇವತ್ತಿಗೂ ಕೇಳುತ್ತಾರೆ. ನನ್ನ ಸುಸ್ತನ್ನು ಗೋಡೆ ಮೇಲೆ ತೂಗುಹಾಕಿದರೂ ಅವರಿಗೆ ಕಾಣಲಿಲ್ಲ.